ತಳವಿಲ್ಲದ ಊರಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ

ದಾನಮ್ಮ ಬರಗುಂಡಿಗೆ ಎರಡನೇ ಸಲ ಜ್ವರ ಬಂದಾಗ ಅವಳು ಭೂಮಿಯಿಂದ ನಾನೂರು ಕಿಲೋಮೀಟರ್ ಎತ್ತರದಲ್ಲಿ, ಎಳೆಮನೆಯಲ್ಲಿದ್ದಳು.

ಎಳೆಮನೆ ಎಂದರೆ ಭೂಮಿಯನ್ನು ಸುತ್ತುವ ಒಂದು ಕಾರ್ಖಾನೆ. ಅಲ್ಲಿ ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗಿನ ಎಳೆ ತೆಗೆಯುತ್ತಾರೆ. ಸಮುದ್ರದ ತಳದಲ್ಲಿ ಹಾಸಿದ ತಂತಿಗಳಲ್ಲಿ ಜಗತ್ತಿನ ಮಾತೆಲ್ಲ ಓಡಾಡುವುದು ಆ ಎಳೆಗಳೊಳಗಿಂದ. ಭೂಮಿಯ ಮೇಲೆ ತೆಗೆದರೆ ಗಾಜು ಆರುವಾಗ ತನ್ನ ತೂಕಕ್ಕೇ ಒಳಗೆ ಹರಳುಗಟ್ಟಿ ಮಸುಕಾಗುತ್ತದೆ. ಮೇಲೆ ತೂಕವೇ ಇಲ್ಲದ ಕಡೆ ತೆಗೆದ ಎಳೆ ಕಣ್ಣಿಗೆ ಕಾಣದಷ್ಟು ತಿಳಿ. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿ, ಕುಪ್ಪಸದ ಖಣ ನೇಯುವ ಮಗ್ಗದ ಮುಂದೆ ಬೆಳೆದ ದಾನಮ್ಮ ಹುಬ್ಬಳ್ಳಿಯ ಗಾಜಿನ ಕಾರ್ಖಾನೆಯಲ್ಲಿ ತರಬೇತಿ ಪಡೆದು ಅಲ್ಲಿಗೆ ಹೋಗಿದ್ದಳು. ಅರ್ಧ ವರ್ಷ ಮೇಲೆ, ಅರ್ಧ ವರ್ಷ ಕೆಳಗೆ. ಇದು ಅವಳ ಮೂರನೇ ಸರದಿ.

ಮೊದಲು ಬಂದದ್ದು ಕೆಮ್ಮು, ಜ್ವರ, ಬಲಪಕ್ಕೆಯಲ್ಲಿ ಚುಚ್ಚು. ದೀರ್ಘವಾಗಿ ಉಸಿರೆಳೆದರೆ ಯಾರೋ ಒಳಗೆ ದಬ್ಬಣ ಇಟ್ಟಂತಾಗುತ್ತಿತ್ತು. ಶ್ವಾಸಕೋಶದ ಸೋಂಕು ಎಂದು ಆ್ಯಂಟಿಬಯೋಟಿಕ್ ಕೊಟ್ಟರು. ಜ್ವರ ಇಳಿಯಿತು. ದಾನಮ್ಮ ಮತ್ತೆ ಕೆಲಸಕ್ಕೆ ನಿಂತಳು. ಆಮೇಲೆ ಒಂದು ದಿನ ನೋವು ತಾನಾಗಿಯೇ ಕಡಿಮೆಯಾಯಿತು, ಅದರ ಬದಲು ಉಸಿರು ಗಿಡ್ಡವಾಯಿತು. ಒಂದು ವಾಕ್ಯ ಮುಗಿಸುವುದರೊಳಗೆ ಎರಡು ಸಲ ನಿಲ್ಲಬೇಕು. ಜ್ವರವೂ ಮರಳಿತು.

ಚಳ್ಳಕೆರೆಯ ಆಚೆಯ ಬಯಲಿನಲ್ಲಿದ್ದ, ಎಳೆಮನೆಯ ನಿಯಂತ್ರಣ ಕೊಠಡಿಯಲ್ಲಿ ವೈದ್ಯರ ಮೇಜಿಗೆ ಕೂತಿದ್ದವರು ಡಾಕ್ಟರ್ ಜೆಸಿಂತಾ ಲೋಬೊ. ಮಂಗಳೂರಿನವರು, ಎದೆರೋಗದ ತಜ್ಞೆ. ನೋವು ಕಡಿಮೆಯಾಯಿತು ಎಂಬ ಸುದ್ದಿ ಕೇಳಿ ಉಳಿದವರು ಸಮಾಧಾನಪಟ್ಟಾಗ ಅವರೊಬ್ಬರು ಮಾತ್ರ ಪೆನ್ನು ಕೆಳಗಿಟ್ಟರು.

"ನೋವು ಹೋದದ್ದೇ ನನಗೆ ಹೆದರಿಕೆ," ಎಂದರು. "ಶ್ವಾಸಕೋಶದ ಸುತ್ತ ಎರಡು ಪದರ ಉಂಟು. ಸೋಂಕಾದಾಗ ಅವು ಒಂದಕ್ಕೊಂದು ಉಜ್ಜಿ ನೋವಾಗುವುದು. ಈಗ ಉಜ್ಜುತ್ತಾ ಇಲ್ಲ. ಅಂದರೆ ನಡುವೆ ಎಂತದ್ದೋ ತುಂಬಿದೆ."

"ನೀರಾ?" ಎಂದು ಕೇಳಿದವರು ಕೊಠಡಿಯ ಮುಖ್ಯಸ್ಥ ನಾಗೇಂದ್ರಯ್ಯ.

"ನೀರಾದರೆ ಪುಣ್ಯ. ಔಷಧಿಗೆ ತಾನೇ ಆರುತ್ತದೆ. ಆ ನೀರಿಗೆ ಕ್ರಿಮಿ ಇಳಿದು ಕೀವಾಗಿದ್ದರೆ ಯಾವ ಔಷಧಿಯೂ ಸಾಲುವುದಿಲ್ಲ, ಹೊರಗೆ ತೆಗೆಯಲೇಬೇಕು. ತೆಗೆಯದೆ ಬಿಟ್ಟರೆ ಅದು ಬಲೆ ಕಟ್ಟಿ, ಗಟ್ಟಿಯಾಗಿ, ಶ್ವಾಸಕೋಶಕ್ಕೆ ಚಿಪ್ಪಿನ ಹಾಗೆ ಕೂರುತ್ತದೆ."

"ಮೇಲೆ ಸ್ಕ್ಯಾನ್ ಯಂತ್ರ ಇದೆಯಲ್ಲ ಮೇಡಂ. ನೋಡಿ ಹೇಳೋಕಾಗಲ್ವಾ?"

ಲೋಬೊ ಪರದೆಯ ಮೇಲೆ ಆ ಬೆಳಗಿನ ಚಿತ್ರ ತೆರೆದರು. ಭೂಮಿಯಲ್ಲಿ ಇದು ಸುಲಭದ ಕೆಲಸ. ರೋಗಿಯನ್ನು ಕೂರಿಸಿದರೆ ದ್ರವ ಇಳಿದು ಎದೆಯ ತಳದಲ್ಲಿ ನಿಲ್ಲುತ್ತದೆ. ಬೆನ್ನು ತಟ್ಟಿದರೆ ಅಲ್ಲಿ ಮಂದ ಸದ್ದು, ಸ್ಕ್ಯಾನಿನಲ್ಲಿ ಕಪ್ಪು ಪಟ್ಟಿ. ಅಲ್ಲಿಗೆ ಸೂಜಿ ಹಾಕಿ ಒಂದಿಷ್ಟು ತೆಗೆದು ನೋಡಿದರೆ ಮುಗಿಯಿತು. ಎಳೆಮನೆಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ದಾನಮ್ಮನ ಎದೆಯೊಳಗಿನ ದ್ರವ ಹಾಲಿನ ಕೆನೆಯಂತೆ ಶ್ವಾಸಕೋಶದ ಸುತ್ತ ಹರಡಿಕೊಂಡಿತ್ತು. ಎಲ್ಲಿ ನೋಡಿದರೂ ತೆಳ್ಳನೆಯ ಪದರ. ಸೂಜಿ ಚುಚ್ಚಿದರೆ ದ್ರವ ದಾಟಿ ನೇರ ಶ್ವಾಸಕೋಶಕ್ಕೇ ಹೋಗಿ ತೂತಾಗುವಷ್ಟು ತೆಳುವು.

"ಎಲ್ಲ ಕಡೆ ಉಂಟು, ಚುಚ್ಚಲಿಕ್ಕೆ ಎಲ್ಲಿಯೂ ಇಲ್ಲ," ಎಂದರು ಲೋಬೊ.

"ಹಾಗಾದ್ರೆ ನೌಕೆ ಕಳಿಸಿ ಕೆಳಗೆ ಇಳಿಸಿಬಿಡೋಣ."

"ಇಳಿಯುವಾಗ ಎದೆಯ ಮೇಲೆ ನಾಲ್ಕು ಆಳು ಕೂತ ಭಾರ ಬೀಳುತ್ತದೆ. ಒಂದು ಕಡೆ ಅರ್ಧ ಶ್ವಾಸಕೋಶ ಮುದುಡಿದೆ. ಒಳಗೆ ಕೀವಿದ್ದರೆ ಆ ಭಾರಕ್ಕೆ ಏನಾಗುತ್ತದೋ ದೇವರಿಗೇ ಗೊತ್ತು. ನೀರೋ ಕೀವೋ ಗೊತ್ತಾಗದೆ ನಾನು ಹೂಂ ಅನ್ನುವುದಿಲ್ಲ ನಾಗೇಂದ್ರಯ್ಯ."

ನಾಗೇಂದ್ರಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು ಕೂತರು.

*

ಗುಳೇದಗುಡ್ಡದಲ್ಲಿ ದಾನಮ್ಮನ ಗಂಡ ಮಹಾರುದ್ರ ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದ. ಅವನು ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರ. ಹೆಂಡತಿ ಮೇಲಿದ್ದಾಗ ದಿನವೂ ಒಂದು ಸಲ ಮಾತಾಡುತ್ತಿದ್ದರು. ಈಗ ಮೂರು ದಿನದಿಂದ ಅವಳ ದನಿ ಕೇಳಿರಲಿಲ್ಲ. ಅವನ ತಾಯಿ ಬಸಲಿಂಗವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಫೋನಿನ ಎದುರು ಕೂತಿದ್ದಳು.

ಲೋಬೊ ನೇರ ವಿಷಯಕ್ಕೆ ಬಂದರು. "ಇದು ಯಾಕೆ ಶುರುವಾಯಿತು ಅಂತ ತಿಳಿದರೆ ಔಷಧಿ ಸರಿಯಾಗಿ ಆರಿಸಬಹುದು. ಅದಕ್ಕೆ ಕೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ?"

"ಇಲ್ರಿ."

"ಸಕ್ಕರೆ ಕಾಯಿಲೆ? ಎದೆಗೆ ಏಟು ಬಿದ್ದದ್ದು? ಹೋದ ವರ್ಷ ಆಪರೇಷನ್ನು?"

"ಏನೂ ಇಲ್ರಿ ಡಾಕ್ಟರ. ಗಟ್ಟಿ ಮನಷ್ಯಾಳ ಅಕಿ."

"ಊಟ ಮಾಡುವಾಗ ಗಂಟಲಲ್ಲಿ ಸಿಕ್ಕಿದ್ದು? ಹಲ್ಲಿನ ತೊಂದರೆ?"

ಮಹಾರುದ್ರ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ.

ಮೇಲೆ ಹೋಗಿ ಒಂದು ತಿಂಗಳಿಗೇ ದಾನಮ್ಮನ ಕೆಳದವಡೆಯ ಹಲ್ಲು ಬಾತುಕೊಂಡಿತ್ತು. ಒಸಡಿನಿಂದ ಕೀವು ಒಸರುತ್ತಿತ್ತು. ಅಲ್ಲಿ ಹೇಳಿದರೆ ಸರದಿ ಮುಗಿಯುವ ಮೊದಲೇ ಇಳಿಸುತ್ತಾರೆ, ಹಾಗೆ ಇಳಿದವರನ್ನು ಮತ್ತೆ ಕರೆಯುವುದು ಅನುಮಾನ ಎಂದು ಅವಳು ನೋವಿನ ಗುಳಿಗೆ ನುಂಗಿ ತಡೆದುಕೊಂಡಿದ್ದಳು. ಗಂಡನಿಗೆ ಮಾತ್ರ ಹೇಳಿ, ಯಾರಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದ್ದಳು. ಆ ಕೆಲಸವೆಂದರೆ ಅವಳಿಗೆ ಎಷ್ಟು ಪ್ರೀತಿ ಎಂಬುದು ಅವನಿಗೆ ಗೊತ್ತಿತ್ತು. ಮೇಲಿಂದ ಮಾತಾಡುವಾಗೆಲ್ಲ ಅವಳು ಎಳೆಯ ತಿಳಿಯನ್ನೇ ವರ್ಣಿಸುತ್ತಿದ್ದಳು.

"ಒಂದು ನಿಮಿಷ್ರಿ," ಎಂದು ಫೋನಿಗೆ ಕೈ ಅಡ್ಡ ಹಿಡಿದು ತಾಯಿಯ ಮುಖ ನೋಡಿದ.

ಬಸಲಿಂಗವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನೈತಿ? ಏನ ಮುಚ್ಚಿಟ್ಟಿ?"

"ಹೇಳಬ್ಯಾಡ ಅಂದಾಳವ್ವಾ. ಹೇಳಿದ್ರ ಸಿಟ್ಟಾಗ್ತಾಳ."

"ಆಗ್ಲಿ ಬಿಡು! ಸಿಟ್ಟಾಗಾಕರ ಅಕಿ ಇರಬೇಕಲ್ಲೋ!"

ಮಹಾರುದ್ರ ಎಲ್ಲವನ್ನೂ ಹೇಳಿದ. ಹಲ್ಲು, ಗುಳಿಗೆ, ಹೊಟ್ಟೆ ತೊಳಸಿದಂತಾಗುತ್ತದೆಂದು ರಾತ್ರಿ ತೆಗೆದುಕೊಳ್ಳುತ್ತಿದ್ದ ಮಂಪರಿನ ಮಾತ್ರೆ.

ಆ ಕಡೆ ಲೋಬೊ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮಂಪರಿನ ನಿದ್ದೆಯಲ್ಲಿ ಕೆಮ್ಮು ಬರುವುದಿಲ್ಲ. ಬಾಯಿಯ ಕೀವು ಬೆರೆತ ಎಂಜಲು ಹನಿಹನಿಯಾಗಿ ಶ್ವಾಸನಾಳಕ್ಕೆ ಜಾರಿರಬೇಕು. ಅದು ಗಾಳಿ ಬೇಡದ ಕ್ರಿಮಿಗಳ ಕೀವು. ಮೊದಲು ಕೊಟ್ಟ ಔಷಧಿ ಅವಕ್ಕೆ ತಾಗುವುದಿಲ್ಲ. ನೋವಿನ ಗುಳಿಗೆಯಿಂದ ಜ್ವರ ಇಳಿದದ್ದನ್ನೇ ಗುಣವಾಯಿತೆಂದು ತಾವೆಲ್ಲ ನಂಬಿದ್ದರು.

"ಮಾಸ್ತರೇ, ನೀವು ಈಗ ಅವರಿಗೆ ದೊಡ್ಡ ಉಪಕಾರ ಮಾಡಿದಿರಿ," ಎಂದರು. "ಔಷಧಿ ಈಗಲೇ ಬದಲಾಯಿಸುತ್ತೇನೆ."

"ಅಷ್ಟಕ್ಕ ಆರಾಮ ಆಗ್ತಾಳ್ರಿ?"

ಲೋಬೊ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ಒಳಗೆ ಏನಿದೆ ಅಂತ ಕಣ್ಣಲ್ಲಿ ನೋಡಬೇಕು. ಅದಕ್ಕೆ ದಾರಿ ಹುಡುಕುತ್ತಾ ಇದ್ದೇನೆ."

*

ದಾರಿ ಸಿಕ್ಕಿದ್ದು ದಾನಮ್ಮನ ಬಾಯಿಂದಲೇ. ಎಳೆಮನೆಯ ಸುರಕ್ಷತಾ ಎಂಜಿನಿಯರ್ ಪೂವಯ್ಯ ಕೊಡಗಿನವನು. ವೈದ್ಯಕೀಯ ತರಬೇತಿ ಪಡೆದವನು ಮೇಲೆ ಅವನೊಬ್ಬನೇ. ಪಡೆದದ್ದೂ ರಬ್ಬರಿನ ಬೊಂಬೆಯ ಮೇಲೆ. ಲೋಬೊ ಅವನ ಮೂಲಕ ದಾನಮ್ಮನಿಗೆ ಕೇಳಿಸಿದರು: ಎದೆಯೊಳಗೆ ಏನೇನು ಅನಿಸುತ್ತದೆ, ಯಾವಾಗ ಅನಿಸುತ್ತದೆ, ಎಲ್ಲ ಹೇಳಲಿ, ಸಣ್ಣದು ಎಂದು ಬಿಡುವುದು ಬೇಡ.

ದಾನಮ್ಮ ಗೋಡೆಗೆ ಕಟ್ಟಿದ ಮಲಗುವ ಚೀಲದೊಳಗಿಂದ ತಲೆ ಮಾತ್ರ ಹೊರಗಿಟ್ಟು, ತಡೆತಡೆದು ಹೇಳಿದಳು. "ಜ್ವರ ಮತ್ತ ಬರೋಕ ಮೊದಲ... ಗಾಣದಾಗ ಕುಂತಿದ್ದೆ. ಬಲಗಡೆ ತಳಕ್ಕ ಏನೋ ಜಗ್ಗಿದಂಗಾತ್ರಿ. ಕೊಡದಾಗ ನೀರು... ಹೊಯ್ದಾಡತಾವಲ್ಲ, ಹಂಗ. ಗಾಣ ನಿಂತ ಮ್ಯಾಲ... ಇಲ್ಲ."

ಗಾಣ ಎಂದು ಕೆಲಸಗಾರರು ಕರೆಯುತ್ತಿದ್ದದ್ದು ಒಂದು ಸುತ್ತುವ ಯಂತ್ರವನ್ನು. ತೂಕವಿಲ್ಲದೆ ಬದುಕಿದರೆ ಎಲುಬು ಸವೆಯುತ್ತದೆ. ಅದಕ್ಕೆ ದಿನವೂ ಎಲ್ಲರೂ ಆ ಉದ್ದ ತೊಲೆಯ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ಗಿರಗಿರ ತಿರುಗಬೇಕು. ತಿರುಗುವ ರಭಸಕ್ಕೆ ಮೈ ಹೊರಕ್ಕೆ ಒತ್ತಿ, ಕಾಲಿನ ಕಡೆ ತೂಕ ಹುಟ್ಟುತ್ತದೆ. ಜ್ವರ ಬಂದ ಮೇಲೆ ದಾನಮ್ಮನಿಗೆ ಗಾಣ ಬೇಡ ಎಂದು ಲೋಬೊ ಅವರೇ ನಿಲ್ಲಿಸಿದ್ದರು.

"ಪೂವಯ್ಯ, ಕೇಳಿದಿರಾ?" ಲೋಬೊ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. "ಗಾಣದಲ್ಲಿ ಕೆಳಗು ಅಂತ ಒಂದು ಉಂಟು! ತಿರುಗಿಸಿದರೆ ದ್ರವ ತಳಕ್ಕೆ ಬರುತ್ತದೆ."

"ನಿಲ್ಲಿಸಿದ್ರೆ ಮತ್ತೆ ಹರಡಿಕೊಳ್ಳುತ್ತಲ್ಲ ಡಾಕ್ಟರ್?"

"ನಿಲ್ಲಿಸುವುದು ಬೇಡ. ತಿರುಗುತ್ತಾ ಇರುವಾಗಲೇ ಸೂಜಿ ಹಾಕುವುದು."

ಪೂವಯ್ಯ ಮೆಲ್ಲಗೆ ಕೇಳಿದ. "ಹಾಕೋದು ನಾನಾ?"

*

ಮರುದಿನ ಬೆಳಿಗ್ಗೆ ನಿಯಂತ್ರಣ ಕೇಂದ್ರದ ಕ್ವಾರ್ಟರ್ಸಿನ ಮಕ್ಕಳ ಪಾರ್ಕಿನಲ್ಲಿ ಒಂದು ವಿಚಿತ್ರ ದೃಶ್ಯ. ಪೂವಯ್ಯನಿಗೆ ಹೇಳಿಕೊಡುವ ಮೊದಲು ತಾವೇ ಮಾಡಿ ನೋಡಲೆಂದು ಕಬ್ಬಿಣದ ತಿರುಗುಮಣೆಯ ಮೇಲೆ ಡಾಕ್ಟರ್ ಲೋಬೊ ಸೀರೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಅವರ ಮುಂದೆ ಕಟುಕರ ಅಂಗಡಿಯಿಂದ ತಂದ ಕುರಿಯ ಪಕ್ಕೆಲುಬಿನ ಹಂದರ. ಅದರ ಹಿಂದೆ ಮೊಸರು ತುಂಬಿ ಬಾಯಿ ಕಟ್ಟಿದ ರಬ್ಬರಿನ ಚೀಲ. ನಾಗೇಂದ್ರಯ್ಯ ಮತ್ತು ಕ್ಯಾಂಟೀನಿನ ಅಡುಗೆಯವನು ಸೇರಿ ಮಣೆಯನ್ನು ತಳ್ಳುತ್ತಿದ್ದಾರೆ.

ಮೊದಲ ಸಲ ಸೂಜಿ ಎಲುಬಿಗೆ ಬಡಿದು ಬಾಗಿತು. ಎರಡನೇ ಸಲ ಚೀಲವನ್ನೇ ತಪ್ಪಿಸಿಕೊಂಡು ಹೋಯಿತು. ತಿರುಗುವ ಮಣೆಯ ಮೇಲೆ ಕೈಯನ್ನು ಜೋರಾಗಿ ಮುಂದೆ ಚಾಚಿದರೆ ಕಾಣದ ಯಾರೋ ಮೊಣಕೈಯನ್ನು ಪಕ್ಕಕ್ಕೆ ತಳ್ಳಿದಂತಾಗುತ್ತಿತ್ತು. ತಲೆ ತಿರುಗಿಸಿ ನೋಡಿದರಂತೂ ಹೊಟ್ಟೆಯೇ ಬಾಯಿಗೆ ಬರುತ್ತಿತ್ತು. ಲೋಬೊ ಇಳಿದು ಬೇವಿನ ಮರ ಹಿಡಿದು ನಿಂತು, ಮುಖ ತೊಳೆದು, ಮತ್ತೆ ಹತ್ತಿದರು.

ಸಾಕಷ್ಟು ಸಲ ಕೆಟ್ಟ ಮೇಲೆ ದಾರಿ ಹೊಳೆಯಿತು. ಅಂಗೈಯ ಅಂಚನ್ನು ಪಕ್ಕೆಲುಬಿನ ಮೇಲೆ ಊರಿ ಬಿಡಬೇಕು. ತೋಳು ಅಲ್ಲಾಡಬಾರದು, ಬೆರಳು ಮಾತ್ರ ಸರಿಯಬೇಕು, ಅದೂ ನಿಧಾನ. ಕತ್ತು ಕಲ್ಲಿನ ಹಾಗೆ ಇರಬೇಕು. ಆ ಸಲ ಸೂಜಿಯ ಹಿಂದಿನ ಪಿಚಕಾರಿಯೊಳಗೆ ಮೊಸರು ಬಂತು.

"ಬಂತು ಮಾರಾಯ್ರೆ, ಬಂತು!" ಎಂದು ಅವರು ಕೂಗಿದ್ದು ಕೇಳಿ ಶಾಲೆಗೆ ಹೊರಟಿದ್ದ ಮಕ್ಕಳೆಲ್ಲ ಬೇಲಿಯ ಹತ್ತಿರ ಬಂದು ನಿಂತರು. ನಾಗೇಂದ್ರಯ್ಯ ಏದುಸಿರು ಬಿಡುತ್ತ, "ಇನ್ನೊಂದು ಸಲ ಮಾಡಿ ಮೇಡಂ. ಒಂದೇ ಸಲ ಬಂದ್ರೆ ಅದೃಷ್ಟ ಅಂತಾರೆ," ಎಂದು ಮತ್ತೆ ತಳ್ಳಲು ನಿಂತರು.

*

ಎಳೆಮನೆಯಲ್ಲಿ ದಾನಮ್ಮನನ್ನು ಗಾಣದ ತುದಿಯ ಆಸನಕ್ಕೆ ಕೂರಿಸಿ ಕಟ್ಟಿದರು. ಮಡಿಸಿದ ಹಾಸಿಗೆಯನ್ನು ಎದೆಗವಚಿಕೊಂಡು ಅವಳು ಮುಂದಕ್ಕೆ ಬಾಗಿದಳು. ಬೈಕಿನಲ್ಲಿ ಹಿಂದೆ ಕೂತವನಂತೆ ಪೂವಯ್ಯ ಅವಳ ಬೆನ್ನಿಗೆ ಮುಖ ಮಾಡಿ ಕೂತ. ತೊಲೆಯ ಆ ತುದಿಗೆ ಸಮತೂಕಕ್ಕೆ ಗಾಜಿನ ಗಟ್ಟಿಗಳನ್ನು ಬಿಗಿದಿದ್ದರು.

"ಪೂವಯ್ಯಾರ," ಎಂದಳು ದಾನಮ್ಮ, ಉಸಿರು ಸಿಕ್ಕಷ್ಟರಲ್ಲಿ. "ನಿಮ್ಮ ಕೈ... ನಡುಗಾಕತ್ತೈತಿ."

"ಹೌದು ಅಕ್ಕ. ಸ್ವಲ್ಪ ಹೆದರಿಕೆ ಇದೆ."

"ನನಗೂ ಐತಿ. ಇಬ್ಬರೂ... ಕೂಡೇ ಹೆದರೋಣ. ಶುರು ಮಾಡ್ರಿ."

ಗಾಣ ತಿರುಗತೊಡಗಿತು. ಚಳ್ಳಕೆರೆಯ ಪರದೆಯ ಮೇಲೆ ಸ್ಕ್ಯಾನಿನ ಬೂದು ಚಿತ್ರ ನಡುಗಿತು, ನಿಂತಿತು. ಏನೂ ಬದಲಾಗಲಿಲ್ಲ. ಅದೇ ತೆಳು ಪದರ. ಲೋಬೊ ವೇಗ ಹೆಚ್ಚಿಸಲು ಹೇಳಿದರು. ನಾಗೇಂದ್ರಯ್ಯ ದಾನಮ್ಮನ ನಾಡಿಯ ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದು ಏರುತ್ತಿತ್ತು.

"ನಿಲ್ಲಿಸೋಣವಾ ಮೇಡಂ?"

"ಸ್ವಲ್ಪ ತಡೆಯಿರಿ. ದಪ್ಪ ದ್ರವ ಇಳಿಯಲಿಕ್ಕೆ ಹೊತ್ತು ಬೇಕು."

ಕಾಯುವುದರ ಹೊರತು ಯಾರಿಗೂ ಏನೂ ಕೆಲಸವಿರಲಿಲ್ಲ. ಆಗ ಚಿತ್ರದ ಕೆಳಗಿನ ಮೂಲೆಯಲ್ಲಿ ಕಪ್ಪಾದದ್ದು ಒಂದು ಕಾಣಿಸಿತು. ಉಗುರಿನಷ್ಟು, ಆಮೇಲೆ ಹೆಬ್ಬೆರಳಿನಷ್ಟು, ಆಮೇಲೆ ಅಂಗೈಯಷ್ಟು. ಅದರೊಳಗೆ ನುಣ್ಣನೆಯ ಕಾಳುಗಳು ತೇಲಾಡುತ್ತಿದ್ದವು, ಜೇಡರ ಬಲೆಯಂತಹ ಒಂದೆರಡು ಎಳೆಗಳೂ ಇದ್ದವು. ಲೋಬೊ ಅವನ್ನು ನೋಡಿದರು. ತಿಳಿನೀರಿನಲ್ಲಿ ಕಾಳುಗಳಿರುವುದಿಲ್ಲ.

"ಪೂವಯ್ಯ, ಜಾಗ ಸಿಕ್ಕಿತು. ಕೆಳಗಿನ ಎಲುಬಿನ ಮೇಲಂಚಿಗೆ. ಎಲುಬಿನ ಅಡಿಗೆ ಬೇಡ, ಅಲ್ಲಿ ರಕ್ತನಾಳ ಉಂಟು. ಕೈ ಊರಿದಿರಾ?"

"ಊರಿದ್ದೇನೆ."

"ಮರಗಟ್ಟಿಸುವ ಇಂಜೆಕ್ಷನ್ ಮೊದಲು. ಹಾಂ. ಈಗ ಸೂಜಿ. ಬೆರಳು ಮಾತ್ರ."

ಸೂಜಿ ಒಳಗೆ ಹೋಯಿತು. ಪೂವಯ್ಯ ಪಿಚಕಾರಿ ಎಳೆದ. ಏನೂ ಬರಲಿಲ್ಲ.

"ಖಾಲಿ ಡಾಕ್ಟರ್." ಅವನ ದನಿ ತೆಳ್ಳಗಾಗಿತ್ತು.

"ಪರವಾಗಿಲ್ಲ. ಹೊರಗೆ ತೆಗೆಯಬೇಡಿ. ಅಕ್ಕಿಕಾಳಿನಷ್ಟು ಮುಂದೆ. ಇನ್ನೊಂದು ಅಕ್ಕಿಕಾಳು."

ಅವನ ಬೆರಳಿಗೆ ಏನೋ ಪಟ್ಟನೆ ಬಿಟ್ಟುಕೊಟ್ಟಂತಾಯಿತು. ಪಿಚಕಾರಿಯೊಳಗೆ ಹಳದಿ ಹಸಿರು ಬಣ್ಣದ ಮಂದ ದ್ರವ ನಿಧಾನವಾಗಿ ಏರಿತು. ಅದರ ಹಿಂದೆಯೇ ಕೊಳೆತ ಮೊಟ್ಟೆಯನ್ನೂ ಮೀರಿಸುವ ನಾತ.

"ಅಯ್ಯೋ... ಡಾಕ್ಟರ್, ವಾಸನೆ! ತಡೆಯೋಕಾಗಲ್ಲ!"

ಲೋಬೊ ಮೇಜಿಗೆ ಕೈ ಬಡಿದರು. "ಕೀವು! ಕೀವೇ ಅದು! ಇದಕ್ಕೆ ಬೇರೆ ಪರೀಕ್ಷೆ ಬೇಡ, ನಿಮ್ಮ ಮೂಗೇ ಸಾಕು!"

ಕೊಠಡಿಯಲ್ಲಿ ಚಪ್ಪಾಳೆ ಬಿತ್ತು. ನಾಗೇಂದ್ರಯ್ಯ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಕೆಟ್ಟ ಸುದ್ದಿಯೇ ಆದರೂ ಅದು ಖಚಿತವಾದ ಸುದ್ದಿ. ಇನ್ನು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಅದೇ ಜಾಗದಲ್ಲಿ ಪೂವಯ್ಯ ತೆಳುವಾದ ನಳಿಗೆ ಇಳಿಸಿ ಹೊಲಿದು ಕಟ್ಟಿದ. ಗಾಣ ತಿರುಗುತ್ತಲೇ ಇತ್ತು. ಎದೆಯೊಳಗಿನದು ತನ್ನ ತೂಕಕ್ಕೆ ತಾನೇ ಚೀಲಕ್ಕೆ ಇಳಿಯಿತು, ಒಂದು ಚೊಂಬು ತುಂಬುವಷ್ಟು.

ಗಾಣ ನಿಲ್ಲುವ ಹೊತ್ತಿಗೆ ದಾನಮ್ಮ ಹಾಸಿಗೆಯ ಮೇಲೆ ಕೆನ್ನೆಯಿಟ್ಟಿದ್ದಳು. "ಪೂವಯ್ಯಾರ, ನೀವು ಕೈ ಇಟ್ಟಿದ್ದು ನನಗ ಗೊತ್ತಽ ಆಗಲಿಲ್ಲ ನೋಡ್ರಿ," ಎಂದಳು. ಮಧ್ಯೆ ಎಲ್ಲೂ ನಿಲ್ಲಲಿಲ್ಲ. ಮಾತು ಒಂದೇ ಉಸಿರಿಗೆ ಮುಗಿದದ್ದು ಮೊದಲು ಗೊತ್ತಾದದ್ದು ಪೂವಯ್ಯನಿಗೆ. ಅವನು ಕೈಗವಸು ಕಳಚಿ ಮುಖ ಮುಚ್ಚಿಕೊಂಡ.

ಗುಳೇದಗುಡ್ಡಕ್ಕೆ ಲೋಬೊ ತಾವೇ ಫೋನು ಮಾಡಿದರು; ಹಿಂದೆ ಕೊಠಡಿಯ ಗದ್ದಲ ಇನ್ನೂ ಕೇಳುತ್ತಿತ್ತು. ಮಹಾರುದ್ರ ಕೇಳಿ, ಗೋಡೆಗೆ ಒರಗಿ ಕೂತ. ಬಸಲಿಂಗವ್ವ ಗಾಬರಿಯಾಗಿ ಅವನ ಭುಜ ಅಲ್ಲಾಡಿಸಿದಳು.

"ಏನಂದ್ರೋ?"

"ಕೀವು ಸಿಕ್ತಂತವ್ವಾ."

"ಕೀವು ಸಿಕ್ಕಿದ್ದಕ್ಕ ಅಲ್ಲಿ ಯಾಕ ಅಷ್ಟು ಗದ್ದಲ ಮಾಡಾಕತ್ತಾರ?"

"ಹೊರಗ ಬಂತಂತ. ದಾನಿ ಉಸಿರಾಡಾಕತ್ಯಾಳಂತ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಇವತ್ತೂ ಅರ್ಧಕ್ಕೆ ಬಿಟ್ಟ ಹಿಟ್ಟು ಒಣಗಿತೆಂದು ಯಾರನ್ನೋ ಬೈಯುತ್ತ ಒಳಗೆ ಹೋದಳು.

*

ಆಮೇಲಿನದೆಲ್ಲ ನಿಧಾನವಾಗಿ, ಆದರೆ ಒಂದೇ ದಿಕ್ಕಿನಲ್ಲಿ ನಡೆಯಿತು. ದಿನವೂ ದಾನಮ್ಮ ಗಾಣದಲ್ಲಿ ಕೂತಳು, ಪೂವಯ್ಯ ನಳಿಗೆಯಿಂದ ಉಪ್ಪುನೀರು ಬಿಟ್ಟು ತೊಳೆದ. ಚೀಲಕ್ಕೆ ಬರುತ್ತಿದ್ದದ್ದು ಮಂದದಿಂದ ತೆಳುವಾಯಿತು, ನಾತ ಹೋಯಿತು. ಬದಲಾದ ಔಷಧಿಗೆ ಜ್ವರ ಬಗ್ಗಿತು. ಈ ಸಲ ಗುಳಿಗೆಯ ಹಂಗಿಲ್ಲದೆ ಇಳಿಯಿತು. ಮುದುಡಿದ್ದ ಶ್ವಾಸಕೋಶ ಸ್ಕ್ಯಾನಿನಲ್ಲಿ ದಿನದಿನಕ್ಕೆ ಬಿಚ್ಚಿಕೊಂಡಿತು.

ಗಂಡನೊಡನೆ ಮಾತಾಡಲು ಬಿಟ್ಟಾಗ ಅವಳು ಮೊದಲು ಕೇಳಿದ್ದೇ, "ಹೇಳಿಬಿಟ್ಟೀಯಲ್ಲ?"

"ಹೇಳಿದೆ."

"ಆಣಿ ಹಾಕಿದ್ದಿ."

"ಹಾಕಿದ್ದೆ. ಮತ್ತ ಕೇಳಿದ್ರೂ ಹೇಳ್ತೀನಿ."

"ನಾನಽ ಹೇಳಬೇಕಿತ್ತು," ಎಂದಳು ದಾನಮ್ಮ. "ಹೆದರಿಬಿಟ್ಟೆ. ಅಲ್ಲಾ, ಮತ್ತ ಕರೀಲಿಕ್ಕಿಲ್ಲ ಇವರು."

ಆ ಮಾತು ನಿಯಂತ್ರಣ ಕೊಠಡಿಯಲ್ಲಿ ನಾಗೇಂದ್ರಯ್ಯನ ಕಿವಿಗೂ ಬಿತ್ತು. ಅವರು ನಡುವೆ ಬಾಯಿ ಹಾಕಿದರು. "ಯಾರಮ್ಮ ಹೇಳಿದ್ದು ಕರೆಯಲ್ಲ ಅಂತ? ಹಲ್ಲು ನೋವು ಅಂದ್ರೆ ಕೆಲಸ ಹೋಗುತ್ತೆ ಅಂತ ನಿಮಗೆ ಅನ್ನಿಸಿದ್ದೇ ನಮ್ಮ ತಪ್ಪು. ಮೊದಲು ಗುಣವಾಗಿ ಬನ್ನಿ. ಆ ನಿಯಮ ನಾನು ಬದಲಾಯಿಸ್ತೀನಿ, ಇಲ್ಲಾಂದ್ರೆ ಬದಲಾಗೋ ತನಕ ಮೇಲಧಿಕಾರಿಗಳ ತಲೆ ತಿಂತೀನಿ."

ನೌಕೆ ಇಳಿಯುವ ದಿನ ಲೋಬೊ ಹೂಂ ಅಂದರು. ಆ ಭಾರದ ನಿಮಿಷಗಳಲ್ಲಿ ದಾನಮ್ಮನ ಉಸಿರಿನ ಗೆರೆ ಪರದೆಯ ಮೇಲೆ ತಗ್ಗಿತು, ತಡವರಿಸಿತು, ತುಂಡಾಗಲಿಲ್ಲ. ನೌಕೆ ಸಮುದ್ರಕ್ಕೆ ಬಿದ್ದು, ದೋಣಿಯವರು ಬಾಗಿಲು ತೆರೆದಾಗ ಅವಳು ಉಪ್ಪುಗಾಳಿಯನ್ನು ಎದೆತುಂಬ ಎಳೆದುಕೊಂಡು ಕೆಮ್ಮಿದಳು, ನಕ್ಕಳು. ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದಳು. ಹಲ್ಲು ಕಿತ್ತರು. ನಳಿಗೆ ತೆಗೆದು ಪಟ್ಟಿ ಹಚ್ಚಿದರು. ಕೊನೆಯ ಎಕ್ಸ್‌ರೇ ನೋಡಿ ಲೋಬೊ ಮನೆಗೆ ಹೋಗಬಹುದು ಎಂದರು.

ಮನೆಗೆ ಬಂದ ದಿನ ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಬೇಳೆ. ಉಂಡು ಕೈ ತೊಳೆದ ದಾನಮ್ಮ ಪಡಸಾಲೆಯಲ್ಲಿ ಹಾಸಿದ ಚಾಪೆಯ ಮೇಲೆ ಸುಮ್ಮನೆ ಮೈ ಚಾಚುತ್ತೇನೆಂದು ಬಲಮಗ್ಗುಲಾಗಿ ಮಲಗಿದಳು. ಓಣಿಯ ಹೆಂಗಸರು ಅವಳನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಒಳಗಿಂದ ಗೊರಕೆಯ ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಮರ ಕೊಯ್ದಂತೆ. ಮೇಲೆ ತೂಕವಿಲ್ಲದ ಕಡೆ ನಾಲಿಗೆ ಹಿಂದಕ್ಕೆ ಬೀಳುವುದಿಲ್ಲ, ಯಾರೂ ಅಷ್ಟಾಗಿ ಗೊರಕೆ ಹೊಡೆಯುವುದಿಲ್ಲ ಎಂದು ಪೂವಯ್ಯ ಆಮೇಲೆ ಮಹಾರುದ್ರನಿಗೆ ಹೇಳಿದ. ಆಗ ಮಹಾರುದ್ರನಿಗೆ ಅದೆಲ್ಲ ಗೊತ್ತಿರಲಿಲ್ಲ. ಅವನು ನಾಚಿ, ಎಬ್ಬಿಸಲೆಂದು ಬಗ್ಗಿದ.

"ಏ, ಮುಟ್ಟಬ್ಯಾಡ," ಎಂದಳು ಬಸಲಿಂಗವ್ವ. ಬಾಗಿಲಲ್ಲಿದ್ದ ಹೆಂಗಸರಿಗೆ ಕೈಸನ್ನೆಯಿಂದಲೇ ಕೂರಲು ಹೇಳಿ, ತಾನೂ ಕಂಬಕ್ಕೆ ಒರಗಿ ಕೂತಳು. "ಹೊಡೀಲಿ. ಕೇಳೂಣು."